ತೊಳೆಯಬಾರದ ಮುಸುಕು

ಒದ್ದೆ ಕಂಬಳಿಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ನಿಮಗೆ ಗೊತ್ತೆ? ಮಳೆಯಲ್ಲಿ ನೆನೆದ ಕುರಿಯೊಂದು ಒಲೆಯ ಪಕ್ಕ ಬಂದು ನಿಂತ ಹಾಗಿರುತ್ತದೆ. ಅದರ ಜೊತೆಗೆ ಹೊಲಿಗೆ ಯಂತ್ರದ ಎಣ್ಣೆ, ಗುರುತು ಹಾಕುವ ಸೀಮೆಸುಣ್ಣದ ಪುಡಿ. ನನ್ನ ಬಾಲ್ಯದ ವಾಸನೆ ಅದು. ಆಮೇಲೆ ನನ್ನ ಮೈಮೇಲೆ ಎಷ್ಟೋ ವಾಸನೆಗಳು ಬಂದು ಕೂತವು. ಅವು ಯಾವುದೂ ನನ್ನವಲ್ಲ.

ನಾನು ಒಂದು ಮುಸುಕು. ಹೆಂಗಸರು ಹೊದ್ದುಕೊಳ್ಳುವ ಮುಸುಕಲ್ಲ. ರೇಸಿನ ಕುದುರೆಯ ತಲೆಗೆ ತೊಡಿಸಿ ಅದರ ಕಣ್ಣು ಮುಚ್ಚುವ, ಚೀಲದಂಥ ದಪ್ಪ ಬಟ್ಟೆ. ಬೆಟ್ಟದ ಬುಡದ ರೇಸ್ ಮೈದಾನದ ಹಿಂದಿನ ಬೀದಿಯಲ್ಲಿ ರಂಗೋಜಿ ಎಂಬ ದರ್ಜಿ ಇದ್ದರು. ಕುದುರೆಗಳ ಬೆನ್ನಿನ ಹೊದಿಕೆ, ಸವಾರರ ಅಂಗಿ ಹೊಲಿಯುತ್ತಿದ್ದರು. ಉಳಿದಿದ್ದ ಕಂಬಳಿಯ ತುಂಡಿನಲ್ಲಿ ನನ್ನನ್ನು ಕತ್ತರಿಸಿದರು. ಹೊಲಿಯುವಾಗ ಹೊಲಿಗೆಯ ಅಂಚುಗಳನ್ನೆಲ್ಲ ಹೊರಮೈಗೆ ಬಿಟ್ಟರು.

"ಉಲ್ಟಾ ಹೊಲಿದ್ರಲ್ರೀ, ನೋಡಿದೋರು ನಗೋಲ್ವೆ?" ಎಂದು ಅವರ ಹೆಂಡತಿ ಕೇಳಿದರು.

"ನೋಡೋರು ನಗ್ಲಿ ಬಿಡು. ಹಾಕ್ಕೊಳ್ಳೋದು ಕುದುರೆ. ಒಳಗಡೆ ಗಂಟು ಬಂದ್ರೆ ಅದರ ರೆಪ್ಪೆಗೆ ಚುಚ್ಚುತ್ತೆ."

ಆಕೆ ಒಳಗೆ ಹೋಗಿ ತಮ್ಮ ಹಳೆಯ ಸೀರೆಯೊಂದನ್ನು ತಂದುಕೊಟ್ಟರು. ತಿಳಿ ನೇರಳೆ ಬಣ್ಣದ್ದು, ಒಗೆದು ಒಗೆದು ಬೆಣ್ಣೆಯಂತಾಗಿದ್ದದ್ದು. ಅದೇ ನನ್ನ ಒಳಪದರವಾಯಿತು. ಕಂಬಳಿಯ ಚುಚ್ಚು ಕುದುರೆಗೆ ತಾಗಬಾರದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ನನ್ನ ಕೆಲಸ ಏನೆಂದು ಹೇಳುತ್ತೇನೆ. ರೇಸು ಶುರುವಾಗುವ ಜಾಗದಲ್ಲಿ ಕಬ್ಬಿಣದ ಗೂಡುಗಳ ಒಂದು ಸಾಲು ಇರುತ್ತದೆ. ಅದಕ್ಕೆ ಗೇಟು ಅನ್ನುತ್ತಾರೆ. ಒಂದೊಂದು ಗೂಡಿಗೆ ಒಂದೊಂದು ಕುದುರೆಯನ್ನು ಹಿಂದಿನಿಂದ ನುಗ್ಗಿಸಿ ಬಾಗಿಲು ಹಾಕಬೇಕು. ಎಲ್ಲವೂ ಒಳಗೆ ನಿಂತ ಮೇಲೆ ಸ್ಟಾರ್ಟರ್ ಸಾಹೇಬರು ಗುಂಡಿ ಒತ್ತುತ್ತಾರೆ, ಮುಂದಿನ ಬಾಗಿಲುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಹೇಳುವುದಕ್ಕೆ ಇಷ್ಟೇ. ಆದರೆ ಬಯಲಿನಲ್ಲಿ ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಗೆ, ತನ್ನ ಮೈಯಷ್ಟೇ ಅಗಲದ ಗೂಡಿನೊಳಗೆ ಯಾಕೆ ಹೋಗಬೇಕು ಎನ್ನುವುದು ಅರ್ಥವಾಗುವುದಿಲ್ಲ. ಅದು ಕಾಲೂರಿ ನಿಂತುಬಿಡುತ್ತದೆ. ಆಗ ನನ್ನನ್ನು ಕರೆಯುತ್ತಾರೆ. ತಲೆಯ ಮೇಲಿಂದ ನನ್ನನ್ನು ಎಳೆದು, ಕುದುರೆಯನ್ನು ಒಂದೆರಡು ಸುತ್ತು ತಿರುಗಿಸಿ, ದಿಕ್ಕು ತಿಳಿಯದಂತೆ ಮಾಡಿ ಒಳಗೆ ನಡೆಸುತ್ತಾರೆ. ಬಾಗಿಲು ತೆರೆಯುವುದಕ್ಕೆ ಒಂದು ಉಸಿರಿನಷ್ಟು ಮೊದಲು ಕಿತ್ತು ತೆಗೆಯುತ್ತಾರೆ.

ನನ್ನ ಮೊದಲ ಯಜಮಾನರು ಗುರುಮಲ್ಲಪ್ಪ. ಕುದುರೆಗಳನ್ನು ಗೇಟಿಗೆ ಸೇರಿಸುವ ಆಳುಗಳಲ್ಲಿ ಹಿರಿಯರು. ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದಾನಕ್ಕೆ ಬಂದ ಮೊದಲ ದಿನವೇ ಜೊತೆಯವರು ನಕ್ಕರು. "ಏನ್ ಗುರುಮಲ್ಲಣ್ಣ, ಮುಸುಕು ಅಂಗಿ ತಿರುಗ್ಸಾಕ್ಕೊಂಡ್ ಬಂದಂಗೈತೆ!"

"ನಿನ್ ಮೂತಿಗಿಂತ ನೆಟ್ಟಗೈತೆ, ಸುಮ್ಕಿರು" ಎಂದರು ಅವರು.

ಅವರು ಒಳ್ಳೆಯವರೇ. ಆದರೆ ಆ ಆಳುಗಳಲ್ಲಿ ಒಂದು ನಂಬಿಕೆ ಬಲವಾಗಿತ್ತು. ಮುಸುಕಿಗೆ ನೀರು ಸೋಕಿದರೆ ಅದರ ಕೈಗುಣ ಹೋಗುತ್ತದಂತೆ. ಅದಕ್ಕೇ ಯಾರೂ ಯಾವತ್ತೂ ಮುಸುಕು ಒಗೆಯುತ್ತಿರಲಿಲ್ಲ. ಆಯುಧಪೂಜೆಯ ದಿನ ಕೋಲಿನಿಂದ ಬಡಿದು ಧೂಳು ಕೊಡವಿ, ಸಾಂಬ್ರಾಣಿಯ ಹೊಗೆ ತೋರಿಸಿ, ಒಂದು ಬೊಟ್ಟು ಕುಂಕುಮ ಇಡುತ್ತಿದ್ದರು. ವರ್ಷಕ್ಕೆ ನನಗೆ ಸಿಗುತ್ತಿದ್ದ ಸ್ನಾನ ಅದೊಂದೇ.

ಹೀಗಾಗಿ ಒಂದು ಕುದುರೆಯ ಬೆವರಿನ ಮೇಲೆ ಇನ್ನೊಂದರದು, ಅದರ ಮೇಲೆ ಮತ್ತೊಂದರ ನೊರೆ ಮತ್ತು ಕಣ್ಣೀರು. ಓಡಿ ದಣಿದ ಕುದುರೆಯ ಬೆವರು ಬೇರೆ, ಹೆದರಿದ ಕುದುರೆಯ ಬೆವರು ಬೇರೆ. ನನಗೆ ಸಿಗುತ್ತಿದ್ದದ್ದು ಎರಡನೆಯದು ಮಾತ್ರ. ಓಡುವ ಮೊದಲೇ ನನ್ನನ್ನು ತೆಗೆದುಬಿಡುತ್ತಿದ್ದರಲ್ಲ! ಹೆದರಿಕೆಯಿಲ್ಲದ ಕುದುರೆಗೆ ನನ್ನ ಅಗತ್ಯವೇ ಇರಲಿಲ್ಲ. ಆ ನೇರಳೆ ಸೀರೆ ಎಲ್ಲವನ್ನೂ ಕುಡಿಯಿತು. ಕೆಲವು ವರ್ಷಗಳಲ್ಲಿ ಅದರ ಬಣ್ಣ ನನಗೇ ಮರೆತುಹೋಯಿತು.

ಗುರುಮಲ್ಲಪ್ಪನವರ ಮಂಡಿ ಸೋತಾಗ ನಾನು ಅಂತೋಣಪ್ಪನ ಕೈಗೆ ಬಂದೆ. ಅಂತೋಣಪ್ಪ ಅಂದರೆ ಗಟ್ಟಿ ಆಳು, ದೊಡ್ಡ ಗಂಟಲು, ಮುಂಗೋಪ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಮೊಣಕಾಲೂರಿ ಬಂದವನು ಮಧ್ಯಾಹ್ನ ಗೇಟಿನ ಹಿಂದೆ ನಿಂತು ಕುದುರೆಗಳ ವಂಶವನ್ನೆಲ್ಲ ಬಯ್ಯುತ್ತಿದ್ದ. ಅವನನ್ನು ದೂರುವುದು ಹೇಗೆ? ರೇಸಿನ ದಿನ ಗೇಟಿನ ಹಿಂದೆ ನಿಂತು ನೋಡಿ, ನಿಮಗೂ ತಾಳ್ಮೆ ಉಳಿಯುವುದಿಲ್ಲ.

ಒಂದು ಕುದುರೆ ಲಾಯದಿಂದಲೇ ತಡವಾಗಿ ಬರುತ್ತದೆ. ಬಂದ ಮೇಲೆ ಅದರ ಲಾಳ ಸಡಿಲವಾಗಿರುತ್ತದೆ. ಲಾಳ ಹೊಡೆಯುವವರನ್ನು ಕೂಗಬೇಕು. ಅಷ್ಟರಲ್ಲಿ ಒಳಗೆ ನಿಂತಿದ್ದ ಕುದುರೆಗೆ ಬೇಸರವಾಗಿ ಬಾಗಿಲು ಒದೆಯುತ್ತದೆ. ಆ ಸದ್ದಿಗೆ ಪಕ್ಕದ್ದು ಮುಂಗಾಲೆತ್ತುತ್ತದೆ. ಅದನ್ನು ಹೊರಗೆ ಎಳೆದು ಸಮಾಧಾನ ಮಾಡುವಾಗ, ಅಷ್ಟು ಹೊತ್ತು ಸಾಧುವಾಗಿ ನಿಂತಿದ್ದ ಮೂರನೆಯದು ಹಿಂದಕ್ಕೆ ತಿರುಗಿ ಲಾಯದ ದಾರಿ ಹಿಡಿಯುತ್ತದೆ. ನಾಲ್ಕು ಜನ ತೋಳಿಗೆ ತೋಳು ಹೆಣೆದು ಅದರ ಹಿಂಭಾಗಕ್ಕೆ ಹೆಗಲು ಕೊಟ್ಟು ದೂಡಬೇಕು. ದೂರದ ಜನ ಓ ಎಂದು ಕೂಗುತ್ತಾರೆ. ಸವಾರರು ಮೇಲಿನಿಂದ ಗೊಣಗುತ್ತಾರೆ. ಇಷ್ಟರ ನಡುವೆ "ಮುಸುಕು! ಮುಸುಕೆಲ್ಲಯ್ಯಾ?" ಎಂದು ಅರಚಾಟ. ನಾನೇನು ಓಡಿಹೋಗಿದ್ದೇನೆಯೇ? ಅಂತೋಣಪ್ಪನ ಸೊಂಟದಲ್ಲೇ ಇದ್ದೇನೆ, ಅವನ ಬೆವರಿನಲ್ಲೂ ನೆನೆಯುತ್ತಾ.

ಕೊನೆಗೂ ಎಲ್ಲವೂ ಒಳಗೆ ಹೋಗುತ್ತವೆ. ನನ್ನನ್ನು ಕಿತ್ತು ಸೊಂಟಕ್ಕೆ ತುರುಕುತ್ತಾರೆ. ಧಡಾರನೆ ಬಾಗಿಲು. ಗೊರಸಿನ ಸದ್ದು ತಿರುವಿನಾಚೆ ಕರಗಿಹೋಗುತ್ತದೆ. ಎಲ್ಲೋ ಜನ ಬೊಬ್ಬೆ ಹೊಡೆಯುತ್ತಾರೆ. ಗೇಟಿನ ಆಳುಗಳು ಒಬ್ಬರನ್ನೊಬ್ಬರು "ಯಾವ್ದು ಬಂತು? ಯಾವ್ದಯ್ಯಾ ಬಂತು?" ಎಂದು ಕೇಳುತ್ತಾರೆ. ಲೆಕ್ಕವಿಲ್ಲದಷ್ಟು ರೇಸುಗಳನ್ನು ಶುರು ಮಾಡಿಸಿದ ನಾನು ಒಂದು ರೇಸನ್ನೂ ನೋಡಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಆ ಕಾಲದಲ್ಲೇ ಚಮೇಲಿ ಬಂದಳು.

ರೇಸಿನ ಬೋರ್ಡಿನ ಮೇಲೆ ಅವಳಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಚಮೇಲಿ ಅಂತ ಕರೆಯುತ್ತಿದ್ದವನು ಅವಳನ್ನು ನೋಡಿಕೊಳ್ಳುವ ಸಾಯಿಸ ದಸ್ತಗೀರ್. ಹಣೆಯ ಮೇಲೆ ಮಲ್ಲಿಗೆ ಮೊಗ್ಗಿನಷ್ಟು ಬಿಳಿ ಇದ್ದ ಕಂದು ಹೆಣ್ಣು ಕುದುರೆ. ಹುಟ್ಟಿದ ಊರು, ನಂಟರು ಎಲ್ಲವನ್ನೂ ಬಿಟ್ಟು ಬಂದ ದಸ್ತಗೀರ್ ಅವಳ ಲಾಯದ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ. ಅವಳಿಗೆ ಹುರುಳಿ ಬೇಯಿಸಿ ಕೊಟ್ಟು, ತಾನು ಬನ್ನು ಚಹಾದಲ್ಲಿ ಹೊತ್ತು ಕಳೆಯುತ್ತಿದ್ದ.

ಚಮೇಲಿ ಗೇಟಿನ ತನಕ ಚೆನ್ನಾಗಿಯೇ ಬರುತ್ತಿದ್ದಳು. ಹತ್ತಿರ ಬಂದಾಗ ಒಂದು ಗಳಿಗೆ ಅಳುಕುತ್ತಿದ್ದಳು. ಅಳುಕಿದ ಕೂಡಲೇ ಅಂತೋಣಪ್ಪ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದ. ಅಲ್ಲಿಂದ ಶುರು ಕುಣಿತ! ನನ್ನ ಅಂಚು ಅವಳ ಮೂಗಿಗೆ ತಾಗಿದರೆ ಸಾಕು, ಬೆಂಕಿ ತಾಗಿದವಳಂತೆ ಹಿಂದಕ್ಕೆ ಹಾರುತ್ತಿದ್ದಳು.

"ಅಣ್ಣಾ, ಒಂದ್ ನಿಮಿಷ ತಡೀರಿ. ಅದಕ್ಕೂ ಮನ್ಸು ಬರ್ಲಿ" ಎಂದು ದಸ್ತಗೀರ್ ಬೇಡಿಕೊಳ್ಳುತ್ತಿದ್ದ.

"ಮನ್ಸು ಬರಕ್ಕೆ ಇದೇನ್ ಮದ್ವೆ ಹೆಣ್ಣಾ ದಸ್ತಗೀರಣ್ಣ? ಅಲ್ಲಿ ಮಿಕ್ಕವು ಗೇಟು ಮುರೀತಾ ಅವೆ!"

ಮೊದಲನೆಯ ಸಲ ಅವಳನ್ನು ಬಿಟ್ಟೇ ರೇಸು ಓಡಿಸಿದರು. ಎರಡನೆಯ ಸಲವೂ ಹಾಗೇ ಆಯಿತು. ಅಂದು ಭಾನುವಾರ. ಸ್ಟಾರ್ಟರ್ ಸಾಹೇಬರು ಪಟ್ಟಾಗಿ ಮೀಸೆ ತಿದ್ದಿದ, ಕಡಿಮೆ ಮಾತಿನ ಮನುಷ್ಯ. ರೇಸು ಮುಗಿದ ಮೇಲೆ ಹತ್ತಿರ ಬಂದು, "ನಾಳೆ ಬೆಳಿಗ್ಗೆ ಗೇಟಿನ ಪರೀಕ್ಷೆ, ದಸ್ತಗೀರ್. ಮುಸುಕು ಹಾಕಬಹುದು, ಹೊಡೆಯುವಂತಿಲ್ಲ. ಒಳಗೆ ಹೋಗಿ ನಿಂತರೆ ಸರಿ. ಇಲ್ಲದಿದ್ದರೆ ಇನ್ನು ಅವಳನ್ನು ಓಡಿಸುವ ಹಾಗಿಲ್ಲ. ನನ್ನ ಕೈಯಲ್ಲೂ ಏನಿಲ್ಲ" ಎಂದರು.

ಓಡದಿದ್ದರೆ ಚಮೇಲಿ ಎಲ್ಲಿಗೆ ಹೋಗುತ್ತಾಳೆ ಎನ್ನುವುದೂ ಆಗಲೇ ಗೊತ್ತಾಗಿತ್ತು. ಮದುವೆಯ ಮೆರವಣಿಗೆಗೆ ಕುದುರೆ ಒದಗಿಸುವವನೊಬ್ಬನನ್ನು ಅವಳ ಮಾಲೀಕರು ಕಳಿಸಿದ್ದರು. ಅವನು ಅವಳ ತುಟಿ ಬಿಡಿಸಿ ಹಲ್ಲು ನೋಡಿದ, ಕಾಲು ಸವರಿದ.

"ಪಟಾಕಿಗೆ ಬೆಚ್ಚುತ್ತಾ?" ಎಂದು ಕೇಳಿದ.

"ಎಲೆ ಅಲ್ಲಾಡಿದ್ರೂ ಬೆಚ್ತಾಳೆ ಸಾಮಿ" ಎಂದ ದಸ್ತಗೀರ್, ಅವನು ಬೇಡವೆಂದು ಬಿಟ್ಟುಹೋಗಲಿ ಎಂದು.

"ಅಭ್ಯಾಸ ಆಯ್ತದೆ ಬಿಡು. ಕಾಲಿಗೆ ಹಗ್ಗ ಹಾಕಿ ಬ್ಯಾಂಡಿನೋರ ಪಕ್ಕ ನಾಕ್ ದಿನ ಕಟ್ಟಿದ್ರೆ ಎಲ್ಲಾ ಸರಿಹೋಯ್ತದೆ."

ದಸ್ತಗೀರ್ ಅವಳ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದ, ಅವಳಿಗೆ ಮಾತು ಕೇಳಿಸಬಾರದು ಎನ್ನುವ ಹಾಗೆ. ನಾನು ಅಂತೋಣಪ್ಪನ ಸೊಂಟದಿಂದ ಅದನ್ನು ನೋಡಿದೆ. ಅಂತೋಣಪ್ಪನೂ ನೋಡಿದ. ನೋಡಿ ಮುಖ ತಿರುಗಿಸಿಕೊಂಡ.

ಆ ಸಂಜೆ ಅವನ ತಲೆ ನೆಟ್ಟಗಿರಲಿಲ್ಲ. ನನ್ನನ್ನು ಸೈಕಲ್ಲಿನ ಚೀಲಕ್ಕೆ ತುರುಕಿ, ಮೇಲೆ ಅರ್ಧ ತಿಂದು ಬಿಟ್ಟ ಊಟದ ಡಬ್ಬಿಯನ್ನೂ ಇಟ್ಟ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ದಾರಿಯ ಮೊದಲ ಹಳ್ಳದಲ್ಲೇ ಬಸ್ಸಾರು ನನ್ನ ಮೇಲೆ ಸುರಿಯಿತು. ಜೀವಮಾನದಲ್ಲಿ ಇದೊಂದು ಬಾಕಿಯಿತ್ತು ಅಂದುಕೊಂಡೆ.

ಮನೆಯಲ್ಲಿ ಡಬ್ಬಿ ತೊಳೆಯಲು ಚೀಲ ಬಿಚ್ಚಿದವಳು ಅವನ ಹೆಂಡತಿ ರೀತಮ್ಮ. ಮೂಗು ಮುಚ್ಚಿಕೊಂಡು ನನ್ನನ್ನು ಎರಡು ಬೆರಳಲ್ಲಿ ಎತ್ತಿದಳು. ಅಂತೋಣಪ್ಪ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ಅವನನ್ನು ಎಬ್ಬಿಸಲಿಲ್ಲ. ಹಿತ್ತಲಿನ ಕಲ್ಲಿನ ಹತ್ತಿರ ಅಂಟವಾಳದ ಕಾಯಿ ಕಿವುಚಿ ನೊರೆ ಮಾಡಿದಳು.

"ಅಬ್ಬಬ್ಬಾ, ಬಟ್ಟೆ ಒಗೀತಾ ಇದೀನಾ, ಟಾರು ರಸ್ತೆ ಒಗೀತಾ ಇದೀನಾ!" ಎಂದು ತನಗೆ ತಾನೇ ಹೇಳಿಕೊಂಡಳು. ಕಪ್ಪು ನೀರು ಹೋಯಿತು. ಮತ್ತೆ ಕಂದು ನೀರು. ನನ್ನೊಳಗಿಂದ ಒಂದೊಂದೇ ಕುದುರೆ ಇಳಿದು ಹೋಗುತ್ತಿರುವಂತೆ ಅನ್ನಿಸಿತು. ಕೊನೆಗೆ ಒಳಮೈ ಹೊರಗೆ ತಿರುಗಿಸಿದಾಗ ನೇರಳೆ ಬಣ್ಣ ಕಾಣಿಸಿತು. ರೀತಮ್ಮನ ಕೈ ನಿಂತಿತು.

"ಪಾಪ, ಯಾರದೋ ಸೀರೆ" ಅಂದಳು. ಆ ಭಾಗವನ್ನು ಕಲ್ಲಿಗೆ ಬಡಿಯದೆ ಅಂಗೈಯಲ್ಲೇ ಉಜ್ಜಿದಳು. ಆಮೇಲೆ ಒಲೆಯ ಪಕ್ಕ ಹಗ್ಗ ಕಟ್ಟಿ ನನ್ನನ್ನು ಹರಡಿದಳು. ಒದ್ದೆ ಉಣ್ಣೆಗೆ ಬಿಸಿ ತಾಗಿದಂತೆ ಆ ಹಳೆಯ ವಾಸನೆ ಮೆಲ್ಲಗೆ ಎದ್ದು ಬಂತು. ರಂಗೋಜಿಯವರ ಅಂಗಡಿಯ ವಾಸನೆ. ನನ್ನದೇ ವಾಸನೆ.

ಬೆಳಗಾಗುತ್ತಲೇ ಅಂತೋಣಪ್ಪನ ಕೂಗಿಗೆ ಪಕ್ಕದ ಮನೆಯ ಬಾಗಿಲೂ ತೆರೆಯಿತು.

"ಏನೇ ಮಾಡ್ಬುಟ್ಟೆ! ಮುಸುಕಿಗೆ ನೀರು ಹಾಕ್ಬಾರ್ದು ಅಂತ ಗೊತ್ತಿಲ್ವಾ ನಿಂಗೆ? ಅದೂ ಇವತ್ತು! ಆ ಮುದುಕ ದಸ್ತಗೀರನ ಹೊಟ್ಟೆ ಮೇಲೆ ಕಲ್ಲು ಹಾಕ್ದಂಗಾಯ್ತಲ್ಲೇ!"

"ನೀವ್ ಯಾವತ್ತಾದ್ರೂ ಹೇಳಿದ್ರಾ? ಸತ್ತ ಇಲಿ ನಾತ ಹೊಡೀತಿತ್ತು. ಅದನ್ನ ತಗೊಂಡೋಗಿ ಮೂತಿಗೆ ಮುಚ್ಚಿದ್ರೆ ನೀವ್ ಸುಮ್ನಿರ್ತಿದ್ರಾ? ಕುದುರೆಗೇನ್ ಮೂಗಿಲ್ವಾ?"

"ಮೂಗಂತೆ ಮೂಗು!" ಎಂದು ಅವನು ನನ್ನನ್ನು ಕಿತ್ತುಕೊಂಡು ಸೈಕಲ್ಲು ಹತ್ತಿದ. ನಾನಿನ್ನೂ ಹಸಿಯಾಗಿದ್ದೆ. ಮೈದಾನದಲ್ಲಿ ಯಾರಿಗೂ ಕಾಣದಂತೆ ನನ್ನನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ. ಮುಸುಕು ಒಗೆದ ಸುದ್ದಿ ತಿಳಿದರೆ ಜೊತೆಯ ಆಳುಗಳು ಚಮೇಲಿಯ ಹತ್ತಿರ ನಿಲ್ಲುವುದೂ ಅನುಮಾನವಿತ್ತು.

ದಸ್ತಗೀರ್ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ, ಮುಖ ಬಾಡಿತ್ತು. ಚಮೇಲಿಯ ಕೂದಲು ಹೊಳೆಯುವಂತೆ ಉಜ್ಜಿದ್ದ. ಮದುವೆ ಕುದುರೆಯವನು ಬೇಲಿಗೆ ಒರಗಿ ಕಾಯುತ್ತಿದ್ದ, ಕೈಯಲ್ಲಿ ಹಗ್ಗ ಹಿಡಿದೇ ಬಂದಿದ್ದ. ಚಮೇಲಿ ಗೇಟಿನ ಹತ್ತಿರ ಬಂದಳು. ಎಂದಿನಂತೆ ಅಳುಕಿದಳು.

ಅಂತೋಣಪ್ಪ ಎಂದಿನಂತೆ ನುಗ್ಗಲಿಲ್ಲ. ಕೈಗುಣವಿಲ್ಲದ ಮುಸುಕು ಎಂದು ಅವನಿಗೇ ಅಳುಕು. ಎರಡು ಹೆಜ್ಜೆ ಇಟ್ಟು ನಿಂತ. ಸ್ಟಾರ್ಟರ್ ಸಾಹೇಬರು ಗಡಿಯಾರ ನೋಡಿಕೊಂಡರು. ಸಮಯ ಮೀರುತ್ತಿತ್ತು. ಅವರು ಏನು ಮಾಡಿದರು ಗೊತ್ತೆ? ಕನ್ನಡಕ ತೆಗೆದು, ಕರವಸ್ತ್ರ ಬಿಡಿಸಿ, ಬೆನ್ನು ತಿರುಗಿಸಿ ನಿಂತು ಗಾಜು ಒರೆಸತೊಡಗಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

ಅಂತೋಣಪ್ಪ ನನ್ನನ್ನು ಅವಳ ಮೂಗಿನ ಹತ್ತಿರ ತಂದ. ಅವಳ ಹೊಳ್ಳೆಗಳು ಅರಳಿದವು. ನಾನು ಒದೆತಕ್ಕೆ ಕಾದೆ. ಅವಳು ಮೂಸಿದಳು. ಬಿಸಿ ಉಸಿರು ನನ್ನ ಒದ್ದೆ ಅಂಚಿಗೆ ತಾಗಿತು. ಮತ್ತೊಮ್ಮೆ ಮೂಸಿದಳು. ಕುರಿಯ ಉಣ್ಣೆ, ಸೌದೆಯ ಹೊಗೆ, ಅಂಟವಾಳ, ಎಲ್ಲೋ ಒಂದು ಎಳೆ ಬಸ್ಸಾರಿನ ಬೆಳ್ಳುಳ್ಳಿ. ಅಷ್ಟು ವರ್ಷಗಳ ಹೆದರಿದ ಕುದುರೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಚಮೇಲಿ ಉಸಿರು ಬಿಟ್ಟು ತಲೆ ತಗ್ಗಿಸಿದಳು. ನಾನು ಅವಳ ಕಣ್ಣುಗಳ ಮೇಲೆ ಇಳಿದೆ. ಆ ಕತ್ತಲಲ್ಲಿ ಅವಳ ರೆಪ್ಪೆ ನೇರಳೆ ಸೀರೆಗೆ ಎರಡು ಸಲ ಬಡಿದು ಸುಮ್ಮನಾಯಿತು. ಒಂದು ಸುತ್ತು ತಿರುಗಿದಳು. ದಸ್ತಗೀರ್ "ಬಾ ಬೇಟಾ" ಅಂದ. ನಡೆದು ಒಳಗೆ ಹೋಗಿ ನಿಂತುಬಿಟ್ಟಳು.

ಆಗ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಇಷ್ಟು ವರ್ಷ ಕುದುರೆಗಳು ಹಟಮಾರಿಗಳು, ಸೋಮಾರಿಗಳು, ಹೊತ್ತಿನ ಬೆಲೆ ತಿಳಿಯದವು ಎಂದು ನಾನೂ ಗೊಣಗಿದ್ದೆ. ಅವಕ್ಕೆ ಧೈರ್ಯ ಕೊಡಲು ಹೊಲಿದ ನನ್ನೊಳಗೆ, ಅವುಗಳ ಹೆದರಿಕೆಯನ್ನೇ ತುಂಬಿ ಅವುಗಳ ಮೂಗಿಗೆ ಹಿಡಿಯುತ್ತಿದ್ದರು. ಒಂದು ಬಕೆಟ್ ನೀರಿನ ಕೆಲಸ. ನನಗೆ ಬಾಯಿದ್ದಿದ್ದರೆ!

ಯಾರಿಗೂ ಅದು ಹೊಳೆಯಲಿಲ್ಲ. ಹೊಸ ಕಡಿವಾಣದ ಗುಣ ಅಂದರು ಅವಳನ್ನು ಪಳಗಿಸುವ ಟ್ರೈನರು. ಹೊಡೆಯದೆ ಇದ್ದದ್ದೇ ಒಳ್ಳೆಯದಾಯಿತು ಅಂದರು ಸ್ಟಾರ್ಟರ್ ಸಾಹೇಬರು. ದಸ್ತಗೀರ್ ದರ್ಗಾದಲ್ಲಿ ಸಕ್ಕರೆ ಹಂಚಿದ. ಮದುವೆ ಕುದುರೆಯವನು ಹಗ್ಗ ಸುತ್ತಿಕೊಂಡು ಹೋದ. ಅಂತೋಣಪ್ಪ ಮಾತ್ರ ಮರೆಗೆ ಹೋಗಿ ನನ್ನನ್ನು ಮುಖದ ಹತ್ತಿರ ಹಿಡಿದು ಮೂಸಿ ನೋಡಿದ. ಪಕ್ಕದಲ್ಲಿ ಇನ್ನೊಬ್ಬ ಆಳಿನ ಮುಸುಕು ನೇತಾಡುತ್ತಿತ್ತು. ಅದನ್ನೂ ಮೂಸಿದ. ಕೆಮ್ಮು ಬಂತು.

ಸಂಜೆ ನನ್ನನ್ನು ಹಿತ್ತಲಿನ ಕಲ್ಲಿನ ಮೇಲೆ ಇಟ್ಟು, ಎತ್ತಲೋ ನೋಡುತ್ತಾ, "ಇನ್ನೊಂದ್ ಸಲ ಒಗ್ದ್ಬುಡು" ಅಂದ.

"ಯಾಕೆ, ಕೈಗುಣ ಹೋಗಾಕಿಲ್ವಾ?"

"ಹೋದ್ರೆ ಹೋಗ್ಲಿ."

ರೀತಮ್ಮ ನಗು ನುಂಗಿಕೊಂಡು ಅಂಟವಾಳ ನೆನೆಹಾಕಿದಳು. ಅವರಿಬ್ಬರಲ್ಲಿ ಕ್ಷಮೆ ಕೇಳುವುದು, ಕೊಡುವುದು ಎಲ್ಲ ಅಷ್ಟರಲ್ಲೇ ಮುಗಿಯಿತು.

ಮುಂದಿನ ರೇಸಿನಲ್ಲಿ ಚಮೇಲಿ ಓಡಿದಳು. ನಾನು ನೋಡಲಿಲ್ಲ, ಬಿಡಿ. ಸೊಂಟದಲ್ಲಿ ಸಿಕ್ಕಿಕೊಂಡು ಗೊರಸಿನ ಸದ್ದು ಕರಗುವುದನ್ನು ಕೇಳಿದೆ ಅಷ್ಟೆ. ನಾಲ್ಕನೆಯವಳಾಗಿ ಬಂದಳಂತೆ. ದಸ್ತಗೀರ್ ಕುಣಿದದ್ದನ್ನು ನೋಡಿದವರು ಅವಳೇ ಗೆದ್ದಳು ಅಂದುಕೊಂಡರಂತೆ.

ಅಂದಿನಿಂದ ಪ್ರತಿ ರೇಸಿನ ನಂತರ ನನಗೆ ಸ್ನಾನ. ಅಂತೋಣಪ್ಪ ಜೊತೆಯವರಿಗೆ ಹೇಳಿ ನೋಡಿದ. "ಹೆಂಡ್ತಿ ಮಾತು ಕೇಳಿ ಮುಸುಕು ಒಗೀತಾನಂತೆ, ನಾಳೆ ಕುದುರೆಗೆ ಪೌಡ್ರು ಹಾಕ್ತಾನೆ!" ಎಂದು ಅವರು ನಕ್ಕರು. ಬೇರೆ ಮುಸುಕುಗಳು ಹಾಗೇ ನಾರುತ್ತಾ ಉಳಿದವು, ಬೇರೆ ಕುದುರೆಗಳು ಹಾಗೇ ಕುಣಿಯುತ್ತಾ ಉಳಿದವು, ರೇಸುಗಳು ಹಾಗೇ ತಡವಾಗುತ್ತಾ ಹೋದವು. ಇದನ್ನು ನೆನೆದರೆ ಈಗಲೂ ನನ್ನ ಎಳೆಗಳು ಬಿಗಿಯುತ್ತವೆ.

ಒಗೆತದಿಂದ ಇನ್ನೊಂದು ಆಯಿತು. ನಾನು ಕಂಬಳಿ. ಪ್ರತಿ ಸ್ನಾನಕ್ಕೂ ಒಂದಿಷ್ಟು ಕುಗ್ಗಿದೆ. ಕೆಲವು ವರ್ಷಗಳಲ್ಲಿ ಚಮೇಲಿಯ ಕಿವಿಗಳು ನನ್ನೊಳಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಎಲ್ಲರಿಗೂ ನೈಲಾನಿನ ಹೊಸ ಮುಸುಕುಗಳು ಬಂದವು, ಅಂತೋಣಪ್ಪ ನನ್ನನ್ನು ಮನೆಗೆ ತಂದ. ಸರಿಯಾದ ಕೆಲಸ ಮಾಡಲು ಶುರುಮಾಡಿದ ಮೇಲೆಯೇ ನಾನು ಕೆಲಸಕ್ಕೆ ಬಾರದವಳಾದೆ. ಇದಕ್ಕೆ ಯಾರನ್ನು ಬಯ್ಯಲಿ? ರೀತಮ್ಮನನ್ನು ಬಯ್ಯಲು ನನಗೆ ಮನಸ್ಸು ಬಾರದು.

ಅವಳೇ ನನಗೆ ಹೊಸ ಕೆಲಸ ಹುಡುಕಿದಳು. ದಪ್ಪ ಕಂಬಳಿ, ಒಳಗೆ ಹತ್ತಿಯ ಸೀರೆ. ಊಟದ ಡಬ್ಬಿಗೆ ಸುತ್ತಿದರೆ ಗಂಟೆಗಟ್ಟಲೆ ಬಿಸಿ ಆರುವುದಿಲ್ಲ. ಕಣ್ಣು ಮುಚ್ಚುತ್ತಿದ್ದ ನಾನು ಈಗ ಅನ್ನ ಮುಚ್ಚುತ್ತೇನೆ.

ಚಮೇಲಿ ಈಗ ಓಡುವುದಿಲ್ಲ. ಮೈದಾನದ ಪಕ್ಕದ ಸವಾರಿ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ಸುತ್ತುತ್ತಾಳೆ. ಅಲ್ಲಿ ಗೇಟಿಲ್ಲ, ಪಟಾಕಿಯಿಲ್ಲ. ದಸ್ತಗೀರ್ ಅಲ್ಲೇ ಇದ್ದಾನೆ, ಹಲ್ಲು ಕಡಿಮೆಯಾಗಿವೆ, ಬನ್ನು ಚಹಾ ಸಾಲದ ವಯಸ್ಸು. ರೀತಮ್ಮ ದಿನವೂ ಅನ್ನವನ್ನು ಮೆತ್ತಗೆ ಬೇಯಿಸಿ ಇನ್ನೊಂದು ಡಬ್ಬಿ ಕಟ್ಟುತ್ತಾಳೆ. ಯಾರಿಗೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅಂತೋಣಪ್ಪ ಕೇಳುವುದೂ ಇಲ್ಲ.

ಈಗ ತಡ ಮಾಡುವವನು ಅಂತೋಣಪ್ಪ. ದಾರಿಯಲ್ಲಿ ಸಿಕ್ಕವರ ಹತ್ತಿರವೆಲ್ಲ ನಿಂತು ಮಾತಾಡುತ್ತಾನೆ, ಇಲ್ಲಿ ನಾನು ಬಿಸಿ ಕಾಯಲು ಒದ್ದಾಡುತ್ತಿರುತ್ತೇನೆ. ಇವನನ್ನು ದೂಡಲು ಯಾರು ಹೆಗಲು ಕೊಡುತ್ತಾರೆ? ಇವತ್ತೂ ಮಧ್ಯಾಹ್ನ ದಾಟಿದ ಮೇಲೆಯೇ ಬಂದ. ದಸ್ತಗೀರ್ ಹುಲ್ಲಿನ ಹೊರೆಯ ಮೇಲೆ ಕೂತಿದ್ದ. ಚಮೇಲಿ ಬೇಲಿಯ ಮೇಲಿಂದ ಕತ್ತು ಚಾಚಿ ನನ್ನನ್ನು ಮೂಸಿದಳು. ಬಸ್ಸಾರು, ಉಣ್ಣೆ, ಸೌದೆಯ ಹೊಗೆ. ಉಸಿರು ಬಿಟ್ಟು ತಲೆ ತಗ್ಗಿಸಿ ನಿಂತಳು. ಅಂತೋಣಪ್ಪ ನನ್ನ ಸಮೇತ ಡಬ್ಬಿಯನ್ನು ದಸ್ತಗೀರನ ಕೈಗಿಟ್ಟ.